ರೇಷ್ಮೆಹುಳುಗಳ ಮೇಲಿದ್ದ ಹೆಂಚು

೨೦೦೪, ಮೇ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ತುಮಕೂರಿನ ಸದಾಶಿವನಗರದಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲಿದ್ದ ನಮ್ಮ ಆಫೀಸು. ಹಾಜರಿದ್ದವರು ನಾನು ಮತ್ತು ಆಫೀಸಿನ ಒಡೆಯನಾದ ಎಂಜಿನಿಯರ್, ಇಬ್ಬರೇ.

ನಾನು ಎಂದಿನಂತೆ ಮೊದಲು ಕಿಟಕಿ ತೆರೆದೆ. ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯನ್ನು ಕೊಡವಿ ಮಡಿಸಿ ಪಕ್ಕಕ್ಕಿಟ್ಟು ಸ್ವಿಚ್ ಹಾಕಿದೆ. ಎಂಜಿನಿಯರ್ ಫೋನಿನಲ್ಲಿ ಯಾರ ಜೊತೆಗೋ ನಗುನಗುತ್ತಾ ಮಾತಾಡುತ್ತಿದ್ದ.

"ಹ್ಞೂ ಸಾರ್, ಲಾರಿ ಆರು ಗಂಟೆಗೇ ಹೊರಟೋಯ್ತು. ಈಗಾಗ್ಲೇ ಇಳಿಸ್ತಾ ಇರ್ತಾರೆ. ಓ, ನೀವೇ ಹೋಗಿದೀರಾ? ಒಳ್ಳೇದಾಯ್ತು ಬಿಡಿ. ಚಿತ್ರದಲ್ಲಿರೋ ಹೆಂಚೇ ಸಾರ್ ಅದು, ಬೇರೇದಲ್ಲ."

ಅವನು ಫೋನು ಇಟ್ಟ ಮೇಲೆ ಕೇಳಿದೆ: "ಯಾವ ಹೆಂಚಪ್ಪ?"

"ಅದೇ ಮೇಡಂ, ನೀವು ಫೋಟೋ ಹೊಡ್ಕೊಂಡ್ ಬಂದ್ರಲ್ಲ, ಹುಲಿಯೂರುದುರ್ಗದ ರೋಡು, ರೇಷ್ಮೆ ಮನೆ. ನಮ್ಮ ಗುಬ್ಬಿ ಪಾರ್ಟಿಗೆ ಅದೇ ಬೇಕಂತೆ."

"ಆ ಮನೇಲಿ ಹುಳ ಇದಾವಲ್ಲೋ!"

"ಇದ್ರೆ ಇರ್ಲಿ ಬಿಡಿ. ಹೆಂಚು ತೆಗೆದು ಜಿಂಕ್ ಶೀಟ್ ಹೊದಿಸ್ಕೊಡ್ತೀವಿ. ಆಯಮ್ಮನ ಯಜಮಾನ್ರು ಒಪ್ಕೊಂಡಿದಾರೆ. ನಿಮಗ್ಯಾಕೆ ಮೇಡಂ ಟೆನ್ಷನ್ನು?"

ಆ ಕೊನೆಯ ಮಾತಿಗೆ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಯಾಕೆಂದು ತಿಳಿಯಬೇಕಾದರೆ ಆ ಚಿತ್ರ ಹೇಗೆ ತಯಾರಾಯಿತು ಎಂಬುದನ್ನು ಮೊದಲು ಹೇಳಬೇಕು.

ನಾನು ಸರ್ಕಾರಿ ಇಲಾಖೆಯೊಂದರ ನಕ್ಷೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೇರಿದಾಗ ಮೇಣದ ಬಟ್ಟೆಯ ಮೇಲೆ ಇಂಕಿನಲ್ಲಿ ಗೆರೆ ಎಳೆಯುತ್ತಿದ್ದೆವು. ಬೆಳಿಗ್ಗೆ ಕೈ ತೊಳೆದು ಒರೆಸಿಕೊಂಡು, ಪೆನ್ನುಗಳನ್ನು ದಪ್ಪದ ಪ್ರಕಾರ ಜೋಡಿಸಿದ ಮೇಲೆಯೇ ಮೇಜು ಮುಟ್ಟಬೇಕು ಎಂಬುದು ನಮ್ಮ ಹಿರಿಯ ನಕ್ಷೆಗಾರರ ಕಟ್ಟಳೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಲಾಖೆಗೆ ಕಂಪ್ಯೂಟರ್ ಬಂತು. ನನ್ನ ವಾರಿಗೆಯವರು ಅದನ್ನು ಕಂಡು ಸ್ವಯಂ ನಿವೃತ್ತಿಯ ಲೆಕ್ಕ ಹಾಕುತ್ತಿದ್ದಾಗ ನಾನು ಸಂಜೆಯ ತರಗತಿಗೆ ಸೇರಿ ಕಲಿತೆ. ಆಮೇಲೆ ಮನೆಗಳನ್ನು ಕಟ್ಟುವ ಮೊದಲೇ ಕಟ್ಟಿದಂತೆ ತೋರಿಸುವ ಕೆಲಸವನ್ನೂ ಕಲಿತೆ. ನಿವೃತ್ತಿಯಾದ ಮೇಲೆ ಈ ಎಂಜಿನಿಯರ್ ಬಂದು ಕರೆದ. ಅವನು ಮನೆ ಕಟ್ಟಿಸಿಕೊಡುತ್ತಿದ್ದ; ಕಟ್ಟಿಸುವವರಿಗೆ ತೋರಿಸುವ ಚಿತ್ರ ನನ್ನದು.

ಈ ಕೆಲಸದಲ್ಲಿ ಗೋಡೆ, ಕಂಬ, ಮಾಡು ಎಲ್ಲವನ್ನೂ ಕಂಪ್ಯೂಟರಿನೊಳಗೆ ಬರಿಯ ಆಕಾರವಾಗಿ ನಿಲ್ಲಿಸಿಕೊಂಡು, ಆಮೇಲೆ ಅವುಗಳ ಮೇಲೆ ಫೋಟೋಗಳನ್ನು ಬಟ್ಟೆಯಂತೆ ಹೊದಿಸುತ್ತೇವೆ. ಇಟ್ಟಿಗೆಯ ಫೋಟೋ ಹೊದಿಸಿದರೆ ಇಟ್ಟಿಗೆ ಗೋಡೆ, ಹೆಂಚಿನ ಫೋಟೋ ಹೊದಿಸಿದರೆ ಹೆಂಚಿನ ಮಾಡು. ಆ ಫೋಟೋವನ್ನು ಟೆಕ್ಸ್ಚರ್ ಎನ್ನುತ್ತಾರೆ. ಹೊಸ ಹೆಂಚಾದರೆ ಸುಲಭ: ನಾಲ್ಕು ಹೆಂಚಿನ ಫೋಟೋವನ್ನು ಮತ್ತೆಮತ್ತೆ ಜೋಡಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮಳೆ ಬಿಸಿಲು ಕಂಡ ಹಳೆಯ ಹೆಂಚು ಹಾಗಲ್ಲ. ಒಂದು ಹೆಂಚಿನ ಮೇಲೆ ಕಪ್ಪು ಕಲೆ ಇದ್ದರೆ ಅದೇ ಕಲೆ ಇಡೀ ಮಾಡಿನ ಮೇಲೆ ಅಳೆದಿಟ್ಟ ಹಾಗೆ ಬಂದು ಕೂರುತ್ತದೆ, ಅಚ್ಚಿನ ಸೀರೆಯ ಹೂವಿನಂತೆ. ನೋಡಿದ ತಕ್ಷಣ ಸುಳ್ಳು ಎಂದು ಗೊತ್ತಾಗುತ್ತದೆ. ಆಫೀಸಿನಲ್ಲಿ ಒಂದು ಸೀಡಿ ಇತ್ತು. ಅದರ ತುಂಬಾ ಹಳೆಯ ಹೆಂಚುಗಳೇ, ಆದರೆ ಎಲ್ಲವೂ ಹಿಮ ಬೀಳುವ ಯಾವುದೋ ದೇಶದವು. ಅವನ್ನು ಗುಬ್ಬಿಯ ಮನೆಗೆ ಹೊದಿಸಿದರೆ ಮನೆಗೆ ನೆಗಡಿ ಬಂದಂತೆ ಕಾಣುತ್ತಿತ್ತು.

ಗುಬ್ಬಿಯ ಮನೆ ಎಂದರೆ ಒಬ್ಬ ಕೊಬ್ಬರಿ ವ್ಯಾಪಾರಿಯದು. ಹೊಸ ಬಡಾವಣೆಯಲ್ಲಿ ಕಟ್ಟುತ್ತಿದ್ದ ಎರಡು ಅಂತಸ್ತು, ಮೇಲೆ ಕಾಂಕ್ರೀಟಿನ ಇಳಿಜಾರು, ಅದರ ಮೇಲೆ ಚಂದಕ್ಕೆ ಮಂಗಳೂರು ಹೆಂಚು. "ಹೊಸಾ ಮನೆ ಅನ್ಬಾರ್ದು. ನಮ್ಮ ತಾತನ ಕಾಲದಿಂದ ಐತೆ ಅನ್ನೋ ಕಳೆ ಬರ್ಬೇಕು" ಎಂದು ಆತ ಎಂಜಿನಿಯರಿಗೆ ಹೇಳಿದ್ದ. ಅದಕ್ಕಾಗಿ ನಾನು ಮಾರ್ಚಿನಲ್ಲಿ ಆಫೀಸಿನ ಕ್ಯಾಮೆರಾ ಹಿಡಿದು, ಎಂಜಿನಿಯರಿನ ಕಾರಿನಲ್ಲೇ ಅವನ ಜೊತೆ ಹಳೆಯ ಹೆಂಚು ಹುಡುಕಿಕೊಂಡು ಹೊರಟೆ. ಕುಣಿಗಲ್ ದಾಟಿ ಹುಲಿಯೂರುದುರ್ಗದ ಕಡೆ ಹೋಗುವಾಗ, ರಸ್ತೆಯಿಂದ ಸ್ವಲ್ಪ ಒಳಗೆ, ಹಿಪ್ಪುನೇರಳೆ ತೋಟದ ನಡುವೆ ಆ ಮನೆ ಸಿಕ್ಕಿತು.

ಮನೆಯ ಮುಂದಿನ ಇಳಿಜಾರು ಕೆಂಪಗೆ ಚೊಕ್ಕಟವಾಗಿತ್ತು. ಹಿಂದಿನ ಇಳಿಜಾರನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಒಂದು ಹೆಂಚಿನ ಬಣ್ಣ ಇನ್ನೊಂದಕ್ಕಿರಲಿಲ್ಲ. ನೆತ್ತಿಯಿಂದ ಸೂರಿನವರೆಗೆ ನೀರು ಇಳಿದ ಕಪ್ಪು ಗೆರೆಗಳು, ಸಂದುಗಳಲ್ಲಿ ಪಾಚಿ, ಹುಣಸೆ ಮರದ ನೆರಳು ಬೀಳುವಲ್ಲಿ ಬೂದಿ ಬಣ್ಣದ ಚುಕ್ಕೆಗಳು. ಮನೆಯಾಕೆ, ನನಗಿಂತ ಏಳೆಂಟು ವರ್ಷ ಚಿಕ್ಕವಳು, ಸೊಪ್ಪಿನ ಹೊರೆ ಇಳಿಸಿ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದಳು.

"ಏನಕ್ಕಾ, ಹೆಂಚಿನ್ ಫೋಟೋ ತೆಗೀತಾ ಇದೀಯಾ? ನಮ್ ಮುಖ ಏನ್ ಪಾಪ ಮಾಡೈತೆ?"

"ನಿಮ್ಮದೂ ತೆಗೀತೀನಿ, ಸೆರಗು ಸರಿ ಮಾಡ್ಕೊಳ್ಳಿ. ಮುಂದಿನ ಹೆಂಚು ಅಷ್ಟು ಚೆನ್ನಾಗಿಟ್ಟಿದೀರಿ, ಹಿಂದಿಂದು ಯಾಕೆ ಹೀಗೆ?"

ಆಕೆ ಹೇಳಿದ್ದು ಇಷ್ಟು. ಮಳೆಗಾಲಕ್ಕೆ ಮುಂಚೆ ಅಲ್ಲೆಲ್ಲ ಹೆಂಚು ಕೈಯಾಡಿಸುತ್ತಾರೆ. ಹೆಂಚುಗಳನ್ನೆಲ್ಲ ಇಳಿಸಿ, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಕೂರಿಸುವ ಕೆಲಸಕ್ಕೆ ಆ ಹೆಸರು. ಮುಂದಿನ ಇಳಿಜಾರಿಗೆ ಪ್ರತಿ ವರ್ಷ ಆಗುತ್ತದೆ. ಹಿಂದಿನ ಇಳಿಜಾರಿನ ಕೆಳಗೆ ಹುಳುಮನೆ. ಒಂದು ಬೆಳೆ ಗೂಡು ಕಟ್ಟಿ ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿಗಳು ಬಂದಿರುತ್ತವೆ. ಹೆಂಚು ಅಲುಗಿಸಿದರೆ ಧೂಳು ಉದುರುತ್ತದೆ. ಧೂಳು ಬಿದ್ದ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. "ಅದುಕ್ಕೇ ನಮ್ಮತ್ತೆ ಕಾಲ್ದಿಂದ್ಲೂ ಅದುನ್ನ ಯಾರೂ ಮುಟ್ಟಿಲ್ಲ ಕಣಕ್ಕ. ಸೋರೋದೂ ಇಲ್ಲ. ಎಂಥಾ ಬಿಸ್ಲಲ್ಲೂ ಒಳೀಕೆ ತಣ್ಗಿರ್ತದೆ."

ಎಂಜಿನಿಯರ್ ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ಕೇಳಿಸಿಕೊಂಡು, ಆಕೆ ಕೊಟ್ಟ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟ. ಅದಕ್ಕೇ ಅವನ ಮೇಲೆ ನನಗೆ ಅಷ್ಟು ಕೋಪ.

ಮೋಡ ಕವಿಯುವವರೆಗೆ ಕಾದು, ಪಕ್ಕದ ತಾರಸಿ ಮನೆಯ ಮೇಲಿನಿಂದ ಫೋಟೋ ತೆಗೆದೆ. ಬಿಸಿಲಿನಲ್ಲಿ ತೆಗೆದರೆ ಪ್ರತಿ ಹೆಂಚಿನ ನೆರಳೂ ಫೋಟೋದೊಳಗೆ ಸೇರಿಬಿಡುತ್ತದೆ. ಆಮೇಲೆ ಚಿತ್ರದಲ್ಲಿ ಸೂರ್ಯನನ್ನು ಇನ್ನೊಂದು ಕಡೆ ಇಟ್ಟರೆ ನೆರಳು ಎರಡು ದಿಕ್ಕಿಗೆ ಬೀಳುತ್ತದೆ. ಆಫೀಸಿಗೆ ತಂದು, ತುಂಡು ತುಂಡು ಫೋಟೋಗಳನ್ನು ನೆಟ್ಟಗೆ ಮಾಡಿ ಹೊಲಿದೆ. ನೀರಿನ ಗೆರೆ ಒಂದು ಹೆಂಚಿನಿಂದ ಕೆಳಗಿನ ಹೆಂಚಿಗೆ ಕಡಿಯದೆ ಇಳಿಯಬೇಕು. ಹೆಂಚಿನ ತುಟಿ ಎಲ್ಲಿ ಎದ್ದಿದೆ, ಎಲ್ಲಿ ತಗ್ಗಿದೆ ಎಂದು ಯಂತ್ರಕ್ಕೆ ತಿಳಿಸಲು ಅದೇ ಫೋಟೋವನ್ನು ಕಪ್ಪು ಬಿಳುಪಿನಲ್ಲಿ ಇನ್ನೊಮ್ಮೆ ತಯಾರಿಸಬೇಕು. ಎಲ್ಲ ಮುಗಿಸಿ ಗುಬ್ಬಿಯ ಮನೆಗೆ ಹೊದಿಸಿದಾಗ, ಹೇಳಿಕೊಳ್ಳಬಾರದು, ಚೆನ್ನಾಗಿ ಬಂದಿತ್ತು.

ವ್ಯಾಪಾರಿ ಆಫೀಸಿಗೆ ಬಂದು ದೊಡ್ಡ ಪ್ರಿಂಟನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ.

"ಈ ಹೆಂಚು ಎಲ್ ಸಿಗ್ತದೆ ಮೇಡಂನೋರೇ?"

"ಇದು ಹೆಂಚಲ್ಲ ಸಾರ್, ಹೆಂಚಿನ ಫೋಟೋ. ನಿಮ್ಮ ಮನೆ ಹೀಗೆ ಕಾಣಬಹುದು ಅಂತ ತೋರಿಸೋಕೆ. ನೀವು ಹೊಸ ಹೆಂಚು ಹಾಕ್ಸಿ, ಹತ್ತು ಮಳೆಗಾಲ ಆಗ್ಲಿ, ತಾನೇ ಬರುತ್ತೆ."

"ಫೋಟೋ ಐತೆ ಅಂದ್ಮೇಲೆ ಹೆಂಚೂ ಇರ್ಲೇಬೇಕಲ್ಲ? ಹತ್ತು ಮಳೆಗಾಲ ಯಾರ್ ಕಾಯ್ತಾರೆ? ಗೃಹಪ್ರವೇಶ ಬಂದ್ಬುಡ್ತು."

ಎಂಜಿನಿಯರ್ ನಗುತ್ತಾ, "ನೋಡೋಣ ಸಾರ್, ನಾನಿದೀನಲ್ಲ" ಎಂದ. ಆ ಮಾತನ್ನು ಅವನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ. ನಾನು ಗಮನ ಕೊಡಲಿಲ್ಲ. ಅವನು ನನಗೆ ಗೊತ್ತಾಗದಂತೆ ಅಲ್ಲಿಗೆ ಹೋಗಿ, ಮನೆಯಾಕೆ ಸೊಪ್ಪಿಗೆ ಹೋಗಿದ್ದಾಗ ಆಕೆಯ ಗಂಡನ ಜೊತೆ ಮಾತು ಮುಗಿಸಿ ಬಂದಿದ್ದ.

ಗುರುವಾರ ಬೆಳಿಗ್ಗೆ ಇದೆಲ್ಲ ಒಂದೊಂದಾಗಿ ಹೊರಬಿತ್ತು. ನಾನು ಕಂಪ್ಯೂಟರ್ ಆರಿಸಿ ಬಟ್ಟೆ ಹೊದಿಸಿದೆ.

"ಕಾರು ತೆಗಿ" ಎಂದೆ.

"ಎಲ್ಲಿಗೆ ಮೇಡಂ?"

"ನೀನು ಲಾರಿ ಕಳ್ಸಿದ್ದೀಯಲ್ಲ, ಅಲ್ಲಿಗೆ."

"ಮೇಡಂ, ಹನ್ನೊಂದಕ್ಕೆ ಒಂದು ಪಾರ್ಟಿ ಬರ್ತಾರೆ..."

"ಬಂದವರು ಕೆಳಗೆ ಮಾತ್ರೆ ತಗೊಂಡು ಹೋಗ್ಲಿ. ತೆಗಿ ಅಂದ್ರೆ ತೆಗಿ."

ಬಿಸಿಲು ಅಷ್ಟು ಹೊತ್ತಿಗಾಗಲೇ ಕಾರಿನ ಬಾಗಿಲು ಮುಟ್ಟದಷ್ಟು ಕಾದಿತ್ತು. ಹೆಬ್ಬೂರು ದಾಟಿದ ಮೇಲೆ ಅವನೇ ಮಾತು ಶುರು ಮಾಡಿದ.

"ಆಯಪ್ಪನೇ ಖುಷಿಯಾಗಿ ಒಪ್ಕೊಂಡ ಮೇಡಂ. ಹೆಂಚು ಕೈಯಾಡಿಸೋಕೆ ಆಳು ಸಿಗಲ್ಲ, ಶೀಟ್ ಆದ್ರೆ ನೆಮ್ಮದಿ ಅಂದ."

"ಹುಳ ಇಟ್ಕೊಂಡು ಇವತ್ತೇ ಬಿಚ್ಚಿ ಅಂದ್ನಾ?"

"ಗೂಡು ಮಾರಿದ್ ಮೇಲೆ ಬನ್ನಿ ಅಂದಿದ್ದ. ಆದ್ರೆ ಗುಬ್ಬಿಯವರ ಗೃಹಪ್ರವೇಶಕ್ಕೆ ಇದೇ ತಿಂಗಳು ಮುಹೂರ್ತ ಸಿಕ್ತು. ಆಮೇಲೆ ಇಲ್ವಂತೆ. ನಾನೇನ್ ಮಾಡ್ಲಿ?"

"ಬಾಯಿ ಮುಚ್ಕೊಂಡು ಗಾಡಿ ಓಡ್ಸು."

ನನಗೆ ಸಂಬಳ ಕೊಡುವವನು ತಾನು ಎಂಬುದು ಅವನಿಗೆ ಆಗ ನೆನಪಾಗಿರಬೇಕು. ಆದರೂ ಬಾಯಿ ಮುಚ್ಚಿಕೊಂಡೇ ಓಡಿಸಿದ. ಮನೆ ತಲುಪಿದಾಗ ನಾನು ಕಂಡದ್ದನ್ನು ಕ್ರಮವಾಗಿ ಹೇಳುತ್ತೇನೆ. ಲಾರಿ ಅಂಗಳದಲ್ಲಿತ್ತು, ಅದರ ಮೇಲೆ ಹೊಳೆಯುವ ಜಿಂಕ್ ಶೀಟುಗಳು. ಹಿಂದಿನ ಇಳಿಜಾರಿನ ಅರ್ಧ ಭಾಗ ಬಯಲಾಗಿ, ಬರೀ ಮರದ ಪಟ್ಟಿಗಳು ಕಾಣುತ್ತಿದ್ದವು. ಇಳಿಸಿದ ಹೆಂಚುಗಳು ಹುಣಸೆ ಮರದ ಆಚೆ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಮರದ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೊಬ್ಬರಿ ವ್ಯಾಪಾರಿ. ಆತನ ಒಂದು ಕೈಯಲ್ಲಿ ನನ್ನ ಪ್ರಿಂಟು, ಇನ್ನೊಂದು ಕೈಯಲ್ಲಿ ಒಂದು ಹೆಂಚು. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಇದಲ್ಲ, ಇದ್ರ ಮಗ್ಲಿಂದು ಎಲ್ಲೈತೆ ನೋಡ್ಲಾ" ಎಂದು ಆಳುಗಳಿಗೆ ಹೇಳುತ್ತಿದ್ದ.

ಹುಳುಮನೆಯೊಳಗಿಂದ ಆಕೆಯ ಕೂಗು ಕೇಳುತ್ತಿತ್ತು.

ನಾನು ಬಾಗಿಲಿಗೆ ಹೋದೆ. ಬಿದಿರಿನ ತಟ್ಟೆಗಳು ಸ್ಟ್ಯಾಂಡುಗಳಲ್ಲಿ ಅಂತಸ್ತಂತಸ್ತಾಗಿದ್ದವು. ಮೇಲಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಅವುಗಳ ಮೇಲೆ ಬಿದ್ದಿತ್ತು. ಆಕೆ ಸ್ಟೂಲಿನ ಮೇಲೆ ನಿಂತು, ಒದ್ದೆ ಮಾಡಿದ ಸೀರೆಯನ್ನು ತೊಲೆಯಿಂದ ತೊಲೆಗೆ ಕಟ್ಟುತ್ತಿದ್ದಳು. ಹುಳುಗಳು ನಾಲ್ಕನೆಯ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳು ಬೆರಳಿನಷ್ಟು ಬೆಳೆದು, ಕೆಲವೇ ದಿನಗಳಲ್ಲಿ ಗೂಡು ಕಟ್ಟಲು ಅಣಿಯಾಗುತ್ತದೆ. ಇಡೀ ಬೆಳೆಯ ದುಡಿಮೆ ನಿಂತಿರುವುದು ಆ ದಿನಗಳ ಮೇಲೆ.

"ನೋಡಕ್ಕಾ ನೋಡು! ನಿನ್ ಫೋಟೋ ನೋಡ್ಕಂಡ್ ಬಂದವ್ರೆ! ವಸಿ ತಡೀರಪ್ಪ, ಹುಳ ಗೂಡಿಗ್ ಬುಟ್ಟ ಮೇಲೆ ಏನಾರ ಮಾಡ್ಕಳಿ ಅಂತ ಕಾಲ್ ಹಿಡ್ದೆ. ಒಬ್ರಾದ್ರೂ ಕಿವಿಗ್ ಹಾಕ್ಕಂಡ್ರಾ?"

"ಮುಂದಿನ ಕೋಣೆಗೆ ಸಾಗಿಸಬಹುದಲ್ಲ?"

"ಒಲೆ ಹೊಗೆ ಬತ್ತದೆ ಅಲ್ಗೆ. ಆದ್ರೂ ಹತ್ತು ತಟ್ಟೆ ಹಾಕಿವ್ನಿ. ಉಳ್ದಿದ್ದುನ್ನ ತಲೆ ಮೇಲ್ ಇಟ್ಕಳ್ಳಾ?"

ಕಿಟಕಿಯ ಪಕ್ಕದ ಮೂರು ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಬಿಟ್ಟು ಅಂಚಿಗೆ ಹರಿದು ತಲೆ ಎತ್ತಿ ಸುಮ್ಮನೆ ನಿಂತಿದ್ದವು. ಅವುಗಳ ಮೇಲೆ ಹಳೆಯ ಹೆಂಚಿನ ಕರಿ ಧೂಳು. ನಾನು ಹಿಂದಿರುಗಿ ಅಂಗಳಕ್ಕೆ ಬಂದೆ.

"ಇಳೀರಪ್ಪ ಕೆಳಗೆ. ಇನ್ನು ಒಂದು ಹೆಂಚು ಮುಟ್ಟಿದ್ರೂ ಸರಿಯಿರಲ್ಲ" ಎಂದು ಮಾಡಿನ ಮೇಲಿದ್ದ ಆಳುಗಳಿಗೆ ಕೂಗಿದೆ. ಮೂವತ್ತು ವರ್ಷ ಕಚೇರಿಯಲ್ಲಿ ಎತ್ತರದ ದನಿಯಲ್ಲಿ ಮಾತಾಡದವಳ ಗಂಟಲಿನಿಂದ ಆ ಕೂಗು ಹೇಗೆ ಬಂತೋ ಗೊತ್ತಿಲ್ಲ. ಆಳುಗಳು ಇಳಿದರು.

ಆಕೆಯ ಗಂಡ ಲಾರಿಯ ಹಿಂದೆ ಬೀಡಿ ಸೇದುತ್ತಾ ನಿಂತಿದ್ದ. "ನಾನು ಈವತ್ತೇ ಬನ್ನಿ ಅಂದಿಲ್ಲ ಕಣಮ್ಮಾ" ಎಂದ.

"ಬಂದಾಗ ಬೇಡ ಅಂದ್ರಾ?"

"ಲಾರಿ ಬಂದ್ಬುಟ್ಟಿತ್ತು. ದೊಡ್ಡೋರೂ ಬಂದಿದ್ರು..."

"ದೊಡ್ಡೋರು!" ಒಳಗಿನಿಂದ ಆಕೆ ಕೂಗಿದಳು. "ನನ್ ಮುಂದೆ ಹುಲಿ, ಕಾರು ಕಂಡ್ರೆ ಇಲಿ! ಆ ಶೀಟ್ ಕೆಳ್ಗೆ ನೀನೇ ಮಲಿಕ್ಕೊ, ನಾನು ಹುಳ ತಕ್ಕಂಡ್ ಹುಣಸೆ ಮರ ಹತ್ತುತೀನಿ!"

ಆಳುಗಳು ನಕ್ಕರು. ವ್ಯಾಪಾರಿ ಕುರ್ಚಿಯಿಂದ ಎದ್ದ.

"ಏನ್ ಮೇಡಂನೋರೇ, ಕೆಲ್ಸ ನಿಲ್ಸುದ್ರಿ? ಹುಳುಕ್ಕೆ ಏನ್ ನಷ್ಟ ಆಗ್ತದೆ ಹೇಳ್ಲಿ, ನೋಡ್ಕಳನ. ನಂಗೆ ಈ ಹೆಂಚು ಬೇಕು. ನೀವೇ ತೋರ್ಸಿದ್ದು."

ನಾನು ಆ ಕ್ಷಣ ಆತನನ್ನು ಬೈಯಬೇಕೆಂದಿದ್ದೆ. ಬೈದರೆ ಆತ ಕಾರು ಹತ್ತುತ್ತಿದ್ದ, ಆಳುಗಳು ಮತ್ತೆ ಮಾಡು ಹತ್ತುತ್ತಿದ್ದರು. ಆದ್ದರಿಂದ ಆತನ ಕೈಯಿಂದ ಪ್ರಿಂಟನ್ನು ತೆಗೆದುಕೊಂಡು ಹೆಂಚುಗಳ ಪಕ್ಕ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಕಲ್ಲಿಟ್ಟೆ.

"ಈ ಕಪ್ಪು ಗೆರೆ ನೋಡಿ. ನೆತ್ತಿಯಿಂದ ಸೂರಿನವರೆಗೆ ಒಂದೇ ಗೆರೆ. ಇದಕ್ಕೇ ತಾನೇ ನೀವು ಆಸೆಪಟ್ಟಿದ್ದು? ಇಳಿಸಿದ ಈ ಹೆಂಚುಗಳಲ್ಲಿ ಆ ಗೆರೆ ಎಲ್ಲಿದೆ, ತೋರ್ಸಿ."

ಆತ ಬಗ್ಗಿ ನೋಡಿದ. ಒಂದು ಹೆಂಚಿನ ಮೇಲೆ ಅರ್ಧ ಗೇಣು ಕಪ್ಪು, ಇನ್ನೊಂದರ ಮೇಲೆ ಬರೀ ಕಲೆ. "ಸೀಮೆಸುಣ್ಣದಲ್ಲಿ ನಂಬರ್ ಹಾಕ್ಸಿ ಇಳಿಸಾನ. ಅಲ್ಲಿ ಅದೇ ಸಾಲಲ್ಲಿ ಕೂರ್ಸಾನ" ಎಂದ. ವ್ಯಾಪಾರಿ ಅಲ್ಲವೇ, ತಲೆ ಓಡುತ್ತಿತ್ತು. ಎಂಜಿನಿಯರಂತೂ, "ಆಗುತ್ತೆ ಸಾರ್, ಅದೇನ್ ದೊಡ್ಡದಲ್ಲ" ಎಂದುಬಿಟ್ಟ. ಅವನ ಕಡೆ ನಾನು ನೋಡಿದ ರೀತಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನೀವು ಇಳಿಸಿ ಎಷ್ಟು ಹೊತ್ತಾಯ್ತು?" ಎಂದು ವ್ಯಾಪಾರಿಯನ್ನು ಕೇಳಿದೆ.

"ಮೂರು ಗಂಟೆ ಆಗಿರ್ಬೇಕು."

"ಆ ಪಾಚಿ ಮುಟ್ಟಿ ನೋಡಿ."

ಆತ ಬಿಸಿಲಿನಲ್ಲಿದ್ದ ಹೆಂಚಿನ ಮೇಲೆ ಬೆರಳಿಟ್ಟ. ಪಾಚಿ ಹಪ್ಪಳದಂತೆ ಸುರುಳಿಯಾಗಿ ಎದ್ದು ಬಂದು, ಕೆಳಗೆ ಹೊಸ ಹೆಂಚಿನ ಬೋಳು ಕೆಂಪು ಕಂಡಿತು. ಇನ್ನೊಂದನ್ನು ಮುಟ್ಟಿದ. ಅದೂ ಎದ್ದಿತು.

"ಇದು ಬಡಗಣ ಇಳಿಜಾರು, ಸಾರ್. ಮೇಲೆ ಮರ. ಒಳಗೆ ಹುಳುಗಳಿಗಾಗಿ ಒದ್ದೆ ಗೋಣಿತಾಟು ಕಟ್ಟಿ ತಂಪು ಇಟ್ಟಿರ್ತಾರೆ. ಆ ತೇವ ಕೆಳಗಿಂದ ಹೆಂಚಿಗೆ ಏರುತ್ತೆ. ನಿಮ್ಮ ಗುಬ್ಬಿ ಮನೆಯ ಇಳಿಜಾರು ಪಡುವಣಕ್ಕೆ, ಕೆಳಗೆ ಕಾಂಕ್ರೀಟು. ಮರ ಅಂತೂ ಒಂದೂ ಉಳಿಸಿಲ್ಲ. ಗೃಹಪ್ರವೇಶದ ದಿನದವರೆಗೂ ಈ ಕಳೆ ನಿಲ್ಲಲ್ಲ. ನೆಂಟರು ಬಂದಾಗ ತಲೆ ಮೇಲೆ ಒಣಗಿದ ಪಾಚಿ ಉದುರುತ್ತೆ. ಸಾವಿರ ನಂಬರ್ ಹಾಕಿ, ನಿಮಗೆ ಸಿಗೋದು ಸೆಕೆಂಡ್ ಹ್ಯಾಂಡ್ ಹೆಂಚು ಅಷ್ಟೇ."

ಆತ ಪ್ರಿಂಟನ್ನೂ ಹೆಂಚನ್ನೂ ಮತ್ತೊಮ್ಮೆ ನೋಡಿದ. ಒಳಗಿದ್ದ ಹುಳುಗಳ ಕಡೆ, ಆ ಹೆಂಗಸಿನ ಕಡೆ ಆತ ಒಮ್ಮೆಯೂ ನೋಡಲಿಲ್ಲ. "ಸೆಕೆಂಡ್ ಹ್ಯಾಂಡ್" ಎಂಬ ಮಾತು ಮಾತ್ರ ನಾಟಿತು.

"ಹಂಗಾದ್ರೆ ಬ್ಯಾಡ ಬುಡಿ" ಎಂದು ಕೈ ಕೊಡವಿಕೊಂಡ. "ಹೊಸಾ ಹೆಂಚು ತಂದು, ಮೇಲೆ ಕರೀ ಪೇಂಟ್ ಹೊಡ್ಸಾನ. ಹೊಡೀಬೌದೇನ್ರೀ ಎಂಜಿನಿಯರ್ರೇ?"

"ಆಗುತ್ತೆ ಸಾರ್" ಎಂದ ಎಂಜಿನಿಯರ್.

ವ್ಯಾಪಾರಿ ಕಾರು ಹತ್ತಿ ಹೊರಟುಹೋದ. ತಪ್ಪಾಯಿತು ಎಂಬ ಒಂದು ಶಬ್ದ ಆತನ ಬಾಯಿಂದ ಬರಲಿಲ್ಲ. ಲಾರಿಯ ಆಳುಗಳೂ ಸಾಮಾನು ಎತ್ತಿಕೊಳ್ಳತೊಡಗಿದರು. ಅವರ ಮೇಸ್ತ್ರಿ ಎಂಜಿನಿಯರಿಗೆ ಹೇಳಿದ: "ಸಾರ್, ನಾವು ಬಂದಿದ್ದು ಇಳಿಸೋಕೆ. ಕೂರ್ಸೋದು ಬೇರೆ ಕೆಲ್ಸ."

"ಇಳಿಸಿದ ಕೈಯಲ್ಲೇ ಕೂರಿಸಿ ಹೋಗಿ" ಎಂದೆ. "ನಿಮ್ಮ ಲೆಕ್ಕ ಇವನ ಹತ್ರ ಕೇಳಿ. ಇವನು ಕೊಡ್ತಾನೆ."

ಎಂಜಿನಿಯರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆಕೆ ಹುಳುಮನೆಯಿಂದ ಆ ಮೂರು ತಟ್ಟೆಗಳನ್ನು ಒಂದರ ಮೇಲೊಂದು ಹೊತ್ತುಕೊಂಡು ಹೊರಗೆ ಬಂದಳು. ಅವನ ಮುಂದೆಯೇ ಹಾದು, ಹಿತ್ತಲ ಗುಂಡಿಗೆ ಸುರಿದಳು. ಬೇರೆ ಹುಳುಗಳಿಗೆ ರೋಗ ತಗಲಬಾರದೆಂದು ಮೇಲೆ ಸುಣ್ಣ ಎರಚಿ ಮಣ್ಣು ಎಳೆದಳು. ಎಂಜಿನಿಯರ್ ಬಾಯಿ ಮುಚ್ಚಿ, ಅಂಗಿಯ ತೋಳು ಮಡಿಸಿದ.

ಕೆಲಸ ಹೇಗೆ ನಡೆಯಬೇಕೆಂದು ನಾನು ಹೇಳಿದೆ. ಮೊದಲು ಒಳಗೆ ಇನ್ನೆರಡು ಒದ್ದೆ ಸೀರೆ ಕಟ್ಟುವುದು, ಧೂಳು ತಟ್ಟೆಗೆ ಬೀಳದಂತೆ. ಆಮೇಲೆ ಪ್ರತಿ ಹೆಂಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಲಕ್ಕೆ ಕೊಡುವುದು. ಒರೆಸದ ಹೆಂಚು ಏಣಿ ಹತ್ತಕೂಡದು. ಸೂರಿನಿಂದ ಶುರುಮಾಡಿ ಒಂದು ಸಾಲು ಪೂರ್ತಿಯಾದ ಮೇಲೆಯೇ ಮೇಲಿನ ಸಾಲು. ಒರೆಸುವುದಕ್ಕೆ ನಾನು ಮತ್ತು ಆಕೆಯ ಗಂಡ ಕುಳಿತೆವು. ಹೊತ್ತು ತರುವುದು ಎಂಜಿನಿಯರ್. ಮೇಸ್ತ್ರಿ ಗೊಣಗುತ್ತಲೇ ಕೂರಿಸಿದ. ಒಂದು ಹೆಂಚು ಕುಣಿಯುತ್ತಿದ್ದುದನ್ನು ನಾನು ಕಂಡು, ತೆಗೆದು ಮತ್ತೆ ಕೂರಿಸಲು ಹೇಳಿದಾಗ, "ಈವಮ್ಮ ಸ್ಕೂಲ್ ಟೀಚರ್ರಾ?" ಎಂದು ಎಂಜಿನಿಯರನ್ನು ಕೇಳಿದ.

"ಅದಕ್ಕಿಂತ ಮೇಲು" ಎಂದು ಅವನು ಬೆವರು ಒರೆಸಿಕೊಂಡ.

ಹೆಂಚು ಒರೆಸುತ್ತಾ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒರೆಸಿದಂತೆಲ್ಲ ಪಾಚಿ, ಕಪ್ಪು, ಬೂದಿ ಚುಕ್ಕೆ ಎಲ್ಲ ನನ್ನ ಬಟ್ಟೆಗೆ ಬಂತು. ಯಾವ ಹೆಂಚು ಯಾವುದರ ಕೆಳಗಿತ್ತೋ ಯಾರಿಗೂ ನೆನಪಿಲ್ಲ. ಆಕೆಯ ಅತ್ತೆಯ ಕಾಲದಿಂದ ಯಾರೂ ಮುಟ್ಟದೆ ಉಳಿಸಿದ್ದನ್ನು ಒಬ್ಬನ ಮುಹೂರ್ತಕ್ಕಾಗಿ ಒಂದು ಬೆಳಿಗ್ಗೆಯಲ್ಲಿ ಕಲಸಿಬಿಟ್ಟಿದ್ದರು. ಗೆರೆಗಳು ಕಡಿದು, ಅರ್ಧ ಕೆಂಪು ಅರ್ಧ ಕಪ್ಪಾದ ಮಾಡು ಮೇಲೇಳುತ್ತಾ ಬಂತು. ಆದರೆ ಮೂರನೆಯ ಸಾಲು ಮುಗಿಯುವಷ್ಟರಲ್ಲಿ ಕೆಳಗೆ ನೆರಳು ಬಂತು. ಒಳಗಿನಿಂದ ಆಕೆ, "ಇತ್ಲಾಗೆ ಬಿಸ್ಲು ಬೀಳೋದು ನಿಂತದೆ ಕಣಕ್ಕ. ಸೊಪ್ಪು ಮುಟ್ತಾ ಅವೆ" ಎಂದು ಕೂಗಿ ಹೇಳಿದಳು.

ನಡುವೆ ಒಂದು ಹೊತ್ತು ಮುದ್ದೆ, ಹುರುಳಿ ಸಾರು ಕೊಟ್ಟಳು. ಎಂಜಿನಿಯರಿಗೆ ಬಡಿಸುವಾಗ ಮುದ್ದೆಯನ್ನು ತಟ್ಟೆಗೆ ಇಳಿಸುವ ಬದಲು ಮೇಲಿನಿಂದಲೇ ಬಿಟ್ಟಳು. ಸಾರು ಅವನ ಅಂಗಿಗೆ ಹಾರಿತು. ಅವನು ಒರೆಸಿಕೊಂಡು ಉಂಡ.

ನಾಲ್ಕರ ಹೊತ್ತಿಗೆ ನೆತ್ತಿಯ ಮೇಲಿನ ಹೆಂಚುಗಳನ್ನೂ ಕೂರಿಸಿ, ಸಂದಿಗೆ ಗಾರೆ ಬಳಿದು ಮುಗಿಯಿತು. ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡು ಮಾಡನ್ನು ನೋಡಿದಳು.

"ಈಗ ಫೋಟೋ ತೆಗಿಯಕ್ಕ, ನೋಡಾನ. ಯಾವೋನ್ ಬತ್ತಾನೋ!"

ನನಗೆ ನಗು ಬರಲಿಲ್ಲ. ಶೀಟುಗಳನ್ನು ಬಿಟ್ಟುಹೋಗಿ ಎಂದು ಗಂಡ ಮೆಲ್ಲಗೆ ಕೇಳಿದಾಗ ಆಕೆ ನೋಡಿದ ನೋಟಕ್ಕೆ ಆತ ತಾನೇ ಹೋಗಿ ಲಾರಿಯ ಹಿಂಬಾಗಿಲು ಹಾಕಿದ. ಉಳಿದ ಹುಳುಗಳೆಲ್ಲ ಗೂಡು ಕಟ್ಟಿದವು ಎಂಬ ಸುದ್ದಿಯನ್ನು ಆಕೆ ಆಮೇಲೆ ಕುಣಿಗಲ್ಲಿನ ಬಸ್ ಕಂಡಕ್ಟರೊಬ್ಬನ ಕೈಲಿ ಹೇಳಿ ಕಳುಹಿಸಿದಳು.

ವಾಪಸು ಬರುವಾಗ ಹೆಬ್ಬೂರಿನ ಹತ್ತಿರ ಎಂಜಿನಿಯರ್, "ಸಾರಿ ಮೇಡಂ" ಎಂದ.

"ನನಗ್ಯಾಕೆ ಹೇಳ್ತೀಯಾ? ಹೇಳಬೇಕಾದವಳ ಮನೆಯಿಂದ ಈಗ ತಾನೇ ಬಂದ್ವಲ್ಲ."

"ಅಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ."

"ಆಗುತ್ತೆ ಸಾರ್ ಅನ್ನೋಕೆ ಮಾತ್ರ ಬರುತ್ತೆ."

ಕೆಲಸ ಬಿಡಬೇಕೆಂದು ಅಲ್ಲಿಂದ ತುಮಕೂರಿನವರೆಗೂ ಯೋಚಿಸಿದೆ. ಬಿಟ್ಟರೆ ಅವನು ಆ ಟೆಕ್ಸ್ಚರನ್ನು ಇನ್ನೊಬ್ಬ ಗಿರಾಕಿಗೆ ತೋರಿಸುತ್ತಾನೆ, ಆ ಗಿರಾಕಿ ಇನ್ನೊಂದು ಲಾರಿ ಕಳುಹಿಸುತ್ತಾನೆ. ಆಫೀಸು ತಲುಪಿದಾಗ ಆರು ದಾಟಿತ್ತು. ಕೈಯಲ್ಲಿ ಇನ್ನೂ ಪಾಚಿಯ ವಾಸನೆ. ಸೋಪು ಹಾಕಿ ಎರಡು ಸಲ ತೊಳೆದು, ಒರೆಸಿಕೊಂಡು, ಕಂಪ್ಯೂಟರಿನ ಬಟ್ಟೆ ಮಡಿಸಿಟ್ಟು ಕುಳಿತೆ.

ಗುಬ್ಬಿಯ ಮನೆಯನ್ನು ತೆರೆದು, ಮಾಡಿನ ಮೇಲೆ ಹೊದಿಸಿದ್ದ ಹಳೆಯ ಹೆಂಚನ್ನು ಎಳೆದುಹಾಕಿದೆ. ಆ ಟೆಕ್ಸ್ಚರಿನ ಕಡತವನ್ನೂ ಅಳಿಸಿದೆ.

"ಮೇಡಂ, ಅದು ಇರ್ಲಿ, ಬೇರೆ ಪ್ರಾಜೆಕ್ಟ್‌ಗೆ ಬರುತ್ತೆ..." ಎಂದು ಹಿಂದಿನಿಂದ ಎಂಜಿನಿಯರ್ ಅಂದ.

"ಬರಲ್ಲ. ಇನ್ನು ಮೇಲೆ ನಾನು ಮಾಡೋ ಚಿತ್ರದಲ್ಲಿ, ಹಾಕೋದು ಹೊಸ ಹೆಂಚಾದ್ರೆ ಹೊಸದೇ ಕಾಣುತ್ತೆ. ಒಪ್ಪಿಗೆ ಇದ್ರೆ ಇಟ್ಕೊ, ಇಲ್ದಿದ್ರೆ ನಾಳೆಯಿಂದ ಬರಲ್ಲ."

"ಗುಬ್ಬಿಯವರು ಒಪ್ಪಲ್ಲ" ಎಂದ.

"ಒಪ್ಪದಿದ್ರೆ ಕರೀ ಪೇಂಟಿನ ಚಿತ್ರ ನೀನೇ ಬರ್ಕೊಡು."

ಅವನು ಪ್ರಿಂಟರಿಗೆ ಕಾಗದ ತುಂಬಿ ಕೆಳಗೆ ಟೀ ತರಲು ಹೋದ. ನಾನು ಹೊಸ ಹೆಂಚಿನ ಫೋಟೋವನ್ನು ಹೊದಿಸಿ, ಸಾಲುಗಳು ಸೂರಿಗೆ ಸಮವಾಗಿ ನಿಲ್ಲುವಂತೆ ಸರಿಪಡಿಸಿ, ಸೂರ್ಯನನ್ನು ಪಡುವಣದಲ್ಲಿಟ್ಟು ಚಿತ್ರ ತಯಾರಾಗಲು ಬಿಟ್ಟೆ. ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಮನೆ ಮೂಡಿತು: ಹೊಸ ಗೋಡೆ, ಹೊಸ ಕಂಬ, ಬೋಳು ಕೆಂಪು ಮಾಡು. ಪ್ರಿಂಟು ಹೊರಬಂದ ಮೇಲೆ ಇಂಕು ಒಣಗುವವರೆಗೆ ಕಾದೆ. ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹೊರಗೆ "ಗುಬ್ಬಿ, ಹೊಸ ಹೆಂಚು" ಎಂದು ಬರೆದು ಎಂಜಿನಿಯರಿನ ಮೇಜಿನ ಮೇಲಿಟ್ಟೆ. ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ, ಕಿಟಕಿ ಹಾಕಿದೆ.